ವಾನರನಿಗೆ ಬಾಡಿಗೆ ಕಟ್ಟಬೇಕಿಲ್ಲ

2023ರ ಜನವರಿ. ಚೀನಾದ ಹಾಂಗ್‌ಝೌ ನಗರದಲ್ಲಿ ನೆಟ್‌ಈಸ್ ಅನ್ನುವ ಗೇಮ್ ಕಂಪನಿಯ ಕ್ಯಾಂಪಸ್. ಅಲ್ಲಿ ಆಳೆತ್ತರಕ್ಕಿಂತ ದೊಡ್ಡದಾದ ಕೊಡಲಿಯ ಪ್ರತಿಮೆಯೊಂದು ನಿಂತಿತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಕಂಪ್ಯೂಟರ್ ಆಟ ಆಡಿದವರಿಗೆ ಅದು ಯಾವ ಕೊಡಲಿ ಅಂತ ಹೇಳಿಕೊಡಬೇಕಾಗಿಲ್ಲ. ಆ ದಿನ ಕೆಲಸಗಾರರು ಬಂದು ಅದನ್ನು ತುಂಡು ತುಂಡು ಮಾಡಿ ಕೆಡವಿದರು. ಕೆಡವುವುದನ್ನು ಇಂಟರ್ನೆಟ್ಟಿನಲ್ಲಿ ಲೈವ್ ಆಗಿಯೂ ತೋರಿಸಿದರು. ಸಾಲದು ಅಂತ ಅದೇ ಹೊತ್ತಿಗೆ ‘ಬ್ಲಿಝಾರ್ಡ್ ಗ್ರೀನ್ ಟೀ’ ಅನ್ನುವ ಪಾನೀಯವೂ ಹಂಚಿಕೆಯಾಯಿತು. ಚೀನಾದ ಆಡುಮಾತಿನಲ್ಲಿ ‘ಗ್ರೀನ್ ಟೀ’ ಅಂದರೆ ಬೈಗುಳ. ಮುಖದಲ್ಲಿ ಮುಗ್ಧತೆ, ಹೊಟ್ಟೆಯೊಳಗೆ ಲೆಕ್ಕಾಚಾರ ಇಟ್ಟುಕೊಂಡವರಿಗೆ ಇಡುವ ಹೆಸರು ಅದು.

ಬ್ಲಿಝಾರ್ಡ್ ಆ ಆಟದ ಅಮೆರಿಕನ್ ಒಡೆಯ. ನೆಟ್‌ಈಸ್ 2008ರಿಂದ ಅದರ ಪಾಲುದಾರ. ಬ್ಲಿಝಾರ್ಡ್ ಆಟಗಳನ್ನು ಚೀನಾದಲ್ಲಿ ನಡೆಸುವ ಹೊಣೆ ಇದರದ್ದು. ಒಪ್ಪಂದ ಮುಂದುವರಿಸುವ ಮಾತುಕತೆ ಮುರಿದುಬಿತ್ತು. 2023ರ ಜನವರಿ ಕೊನೆಯ ವಾರ ಸರ್ವರುಗಳು ಬಂದ್ ಆದವು. ವರ್ಷಗಟ್ಟಲೆ ಬೆಳೆಸಿದ ಪಾತ್ರಗಳ ಮಾಹಿತಿಯನ್ನು ಒಂದು ಫೈಲಿನಲ್ಲಿ ಇಳಿಸಿಕೊಳ್ಳಿ, ಮುಂದೆಂದಾದರೂ ಬೇಕಾದೀತು ಅಂತ ಆಟಗಾರರಿಗೆ ಸೂಚನೆ ಬಂತು. ಜನ ಆ ಫೈಲಿಗೆ ‘ಡಿಜಿಟಲ್ ಚಿತಾಭಸ್ಮದ ಕುಡಿಕೆ’ ಅಂತ ಹೆಸರಿಟ್ಟರು.

ಇಷ್ಟೆಲ್ಲ ರಂಪ ನಡೆದ ಮೇಲೆ ನೆಟ್‌ಈಸ್ ಕಥೆ ಮುಗಿಯಿತು ಅಂತ ಯಾರಿಗಾದರೂ ಅನ್ನಿಸಬೇಕು, ಅಲ್ವಾ? ಆದರೆ ಕಂಪನಿ ಕೊಟ್ಟ ಲೆಕ್ಕ ನೋಡಿದರೆ ಅಚ್ಚರಿ. ಬ್ಲಿಝಾರ್ಡ್ ಆಟಗಳಿಂದ ಬರುತ್ತಿದ್ದದ್ದು ಒಟ್ಟು ಆದಾಯದ ಶೇಕಡಾ ಹತ್ತಕ್ಕಿಂತ ತೀರಾ ಕಡಿಮೆ ಪಾಲು ಮಾತ್ರ. ಅದೇ 2023ರಲ್ಲಿ ಕಂಪನಿಯ ವರ್ಷದ ಆದಾಯ ಮೊದಲ ಸಲ 10,000 ಕೋಟಿ ಯುವಾನ್ ದಾಟಿತು. 2024ರಲ್ಲಿ 10,530 ಕೋಟಿ ಯುವಾನ್. ನಮ್ಮ ದುಡ್ಡಿನಲ್ಲಿ ಸುಮಾರು 1.2 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಆಟಗಳಿಂದಲೇ ಬಂದದ್ದು.

ಹಾಗಾದರೆ ಈ ಹಣ ಎಲ್ಲಿಂದ ಬರುತ್ತದೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ವಿಎಸ್‌ಎನ್‌ಎಲ್ ಮೋಡೆಮ್‌ಗಳು ಕಿರ್ರೋ ಅನ್ನುತ್ತಿದ್ದ ಕಾಲಕ್ಕೆ.

ನೆಟ್‌ಈಸ್ ಕಟ್ಟಿದ ಡಿಂಗ್ ಲೆಯ್ ಹುಟ್ಟಿದ್ದು 1971ರಲ್ಲಿ, ಝೆಜಿಯಾಂಗ್ ಪ್ರಾಂತ್ಯದ ನಿಂಗ್ಬೋ ಕಡೆ. ಎಂಜಿನಿಯರಿಂಗ್ ಓದಿ ಊರಿನ ಟೆಲಿಕಾಂ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ. ಚೀನಾದಲ್ಲಿ ಇಂಥ ಸರ್ಕಾರಿ ನೌಕರಿಗೆ ‘ಕಬ್ಬಿಣದ ಅನ್ನದ ಬಟ್ಟಲು’ ಅಂತಾರೆ. ಒಡೆಯುವುದಿಲ್ಲ, ಖಾಲಿಯೂ ಆಗುವುದಿಲ್ಲ. ಎರಡು ವರ್ಷಕ್ಕೆ ಆ ಬಟ್ಟಲು ಬಿಟ್ಟು ಗುವಾಂಗ್‌ಝೌಗೆ ಹೊರಟ. ಮನೆಯಲ್ಲಿ ಒಪ್ಪಿರಲಿಲ್ಲ. ನಮ್ಮ ಯಾವ ಅಪ್ಪ ಅಮ್ಮ ತಾನೇ ಒಪ್ಪುತ್ತಿದ್ದರು? 1997ರ ಜೂನಿನಲ್ಲಿ ಅಲ್ಲೇ ಒಂದು ಪುಟ್ಟ ಕೋಣೆಯಲ್ಲಿ ನೆಟ್‌ಈಸ್ ಶುರುವಾಯಿತು. ಚೀನೀ ಹೆಸರು ವಾಂಗ್‌ಯಿ. ‘ನೆಟ್ ಸುಲಭ’ ಅಂತ ಅರ್ಥ.

ಸುಲಭ ಅನ್ನುವುದನ್ನು ಅವರು ನಿಜಕ್ಕೂ ಮಾಡಿ ತೋರಿಸಿದ್ದು ಇಮೇಲ್ ವಿಳಾಸದಲ್ಲಿ. ಆಗ ಚೀನಾದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬರುವವರು ಕಡಿಮೆ. ಆದರೆ ಇಂಟರ್ನೆಟ್ ಬಳಸುವ ಎಲ್ಲರಿಗೂ 163 ಅನ್ನುವ ಸಂಖ್ಯೆ ಗೊತ್ತಿತ್ತು. ಡಯಲ್ ಅಪ್ ಸಂಪರ್ಕಕ್ಕೆ ಫೋನಿನಲ್ಲಿ ಒತ್ತಬೇಕಿದ್ದ ನಂಬರ್ ಅದು. ಹೇಗೂ ದಿನಾ ಒತ್ತುತ್ತಾರೆ, ಅದನ್ನೇ ವಿಳಾಸ ಮಾಡಿದರೆ ಮರೆಯುವುದು ಹೇಗೆ? ಇವತ್ತಿಗೂ ಚೀನಾದ ಕೋಟಿಗಟ್ಟಲೆ ಜನರ ಇಮೇಲ್ ವಿಳಾಸ ‘163 ಡಾಟ್ ಕಾಂ’ ಅಂತಲೇ ಮುಗಿಯುತ್ತದೆ. ಸಣ್ಣ ಉಪಾಯ. ಆದರೆ ಗಮನಿಸಿ, ಆ ಸಂಖ್ಯೆಯನ್ನು ಜನರ ಬಾಯಿಗೆ ತಂದದ್ದು ಸರ್ಕಾರಿ ಟೆಲಿಕಾಂ. ಕಂಪನಿ ತನ್ನ ಬೋರ್ಡು ನೇತುಹಾಕಿದ್ದು ಬೇರೆಯವರ ಗೋಡೆಯ ಮೇಲೆ. ಇದು ಮುಂದೆಯೂ ಮತ್ತೆ ಮತ್ತೆ ನಡೆಯಿತು.

2000ದ ಜೂನ್ 30ರಂದು ನೆಟ್‌ಈಸ್ ಅಮೆರಿಕದ ನ್ಯಾಸ್ಡಾಕ್ ಷೇರುಪೇಟೆಗೆ ಹೋಯಿತು. ಒಂದು ಷೇರಿಗೆ 15.50 ಡಾಲರ್. ಮುಹೂರ್ತ ಸರಿ ಇರಲಿಲ್ಲ. ಇಂಟರ್ನೆಟ್ ಕಂಪನಿಗಳ ಷೇರು ವಿಪರೀತ ಏರಿದ್ದ ಡಾಟ್‌ಕಾಂ ಗುಳ್ಳೆ ಆಗಲೇ ಒಡೆದಿತ್ತು. ಮೊದಲ ದಿನವೇ ಬೆಲೆ ಇಳಿಯಿತು. ಮರುವರ್ಷದ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗೆ. ಅಷ್ಟರಲ್ಲಿ ಲೆಕ್ಕಪತ್ರದಲ್ಲಿ ಆದಾಯವನ್ನು ಹೆಚ್ಚು ತೋರಿಸಿದ್ದು ಹೊರಬಿತ್ತು. 2001ರ ಸೆಪ್ಟೆಂಬರಿನಿಂದ ವರ್ಷದ ಕೊನೆಯವರೆಗೆ ಷೇರಿನ ವ್ಯವಹಾರವನ್ನೇ ನಿಲ್ಲಿಸಲಾಯಿತು. ಡಿಂಗ್ ಲೆಯ್ ಕಂಪನಿ ಮಾರಲು ಹೊರಟ. ಕೊಳ್ಳುವವರು ಗಟ್ಟಿಯಾಗಿ ನಿಲ್ಲಲಿಲ್ಲ.

ಈ ಹೊತ್ತಿನಲ್ಲಿ ಬಂದವನು ಡುವಾನ್ ಯೊಂಗ್‌ಪಿಂಗ್. ಹೆಸರು ನಮಗೆ ಹೊಸದು, ಕೈಯಲ್ಲಿರುವ ಫೋನು ಹೊಸದಲ್ಲ. ಒಪ್ಪೋ, ವಿವೋ ಬ್ರ್ಯಾಂಡುಗಳ ಬೇರು ಇರುವುದು ಈತ ಕಟ್ಟಿದ ಬಿಬಿಕೆ ಕಂಪನಿಯಲ್ಲಿ. ಕಂಪನಿ ಮಾರಬೇಡ, ನಡೆಸು ಅನ್ನುವುದು ಆತ ಕೊಟ್ಟ ಸಲಹೆ. 2002ರಲ್ಲಿ ಸುಮಾರು 20 ಲಕ್ಷ ಡಾಲರ್ ಹಾಕಿ ತಾನೂ ಷೇರು ಕೊಂಡ. ಆಗ ಷೇರಿನ ಬೆಲೆ ಒಂದು ಡಾಲರಿನ ಆಸುಪಾಸು. ಅದು ಎಷ್ಟು ಪಟ್ಟು ಬೆಳೆಯಿತು ಅನ್ನುವುದು ಚೀನಾದ ಹೂಡಿಕೆದಾರರ ನಡುವೆ ಇವತ್ತಿಗೂ ಓಡುವ ಕಥೆ.

ಆ ವರ್ಷಗಳಲ್ಲಿ ಕಂಪನಿಯ ಜೀವ ಉಳಿಸಿದ್ದು ಎಸ್‌ಎಂಎಸ್. ಚೈನಾ ಮೊಬೈಲ್ ಅನ್ನುವ ಸರ್ಕಾರಿ ಟೆಲಿಕಾಂ ಕಂಪನಿ ಒಂದು ಏರ್ಪಾಡು ತಂದಿತ್ತು. ಜೋಕು, ಜಾತಕ, ರಿಂಗ್‌ಟೋನು ಇಂಥವನ್ನು ಮೆಸೇಜಿನಲ್ಲಿ ಕಳಿಸಿ. ದುಡ್ಡನ್ನು ನಾವು ಗಿರಾಕಿಯ ಫೋನ್ ಬಿಲ್ಲಿನಲ್ಲೇ ವಸೂಲಿ ಮಾಡಿಕೊಡುತ್ತೇವೆ. ನಮ್ಮದು ಸಣ್ಣ ಪಾಲು, ದೊಡ್ಡ ಪಾಲು ನಿಮಗೆ. ಸಿನಾ, ಸೋಹು, ನೆಟ್‌ಈಸ್ ಮೂರೂ ಪೋರ್ಟಲ್‌ಗಳು ಮುಳುಗದೆ ಉಳಿದದ್ದು ಇದರಿಂದ. ಮತ್ತೆ ಟೆಲಿಕಾಂನವರ ಗೋಡೆಯೇ.

ಸ್ವಂತ ಗೋಡೆ ಎದ್ದದ್ದು ಇದಾದ ಮೇಲೆ.

2001ರಲ್ಲಿ ನೆಟ್‌ಈಸ್ ಗುವಾಂಗ್‌ಝೌನ ಒಂದು ಸಣ್ಣ ಗೇಮ್ ತಂಡವನ್ನು ಕೊಂಡುಕೊಂಡಿತು. ಆಗ ಚೀನಾದ ಆನ್‌ಲೈನ್ ಗೇಮ್ ಪೇಟೆಯನ್ನು ಆಳುತ್ತಿದ್ದದ್ದು ಕೊರಿಯಾದ ಆಟಗಳು. ಶಾಂಘೈನ ಶಾಂಡಾ ಕಂಪನಿ ಕೊರಿಯಾದ ಒಂದು ಆಟ ತಂದೇ ದೊಡ್ಡದಾಯಿತು. ನೆಟ್‌ಈಸ್ ಮಾತ್ರ ನಾವೇ ಮಾಡೋಣ ಅಂತ ಹೊರಟಿತು. ಕಥೆಗೆ ಹುಡುಕಾಡಬೇಕಿರಲಿಲ್ಲ. 16ನೇ ಶತಮಾನದ ‘ಪಶ್ಚಿಮ ಯಾತ್ರೆ’ ಚೀನಾದಲ್ಲಿ ಮಗುವಿಗೂ ಗೊತ್ತು. ಒಬ್ಬ ಬೌದ್ಧ ಭಿಕ್ಷು ಗ್ರಂಥಗಳಿಗಾಗಿ ಭಾರತಕ್ಕೆ ಹೊರಡುತ್ತಾನೆ. ಜೊತೆಗೆ ಸುನ್ ವುಕಾಂಗ್ ಅನ್ನುವ ತುಂಟ ವಾನರ, ಒಬ್ಬ ಹಂದಿಮುಖದವ, ಇನ್ನೊಬ್ಬ ಶಿಷ್ಯ. ದಾರಿಯುದ್ದಕ್ಕೂ ರಾಕ್ಷಸರು.

ಆ ಭಿಕ್ಷು ನಮಗೂ ಪರಿಚಯದವನೇ. ಹೈಸ್ಕೂಲಿನ ಇತಿಹಾಸದಲ್ಲಿ ಇಮ್ಮಡಿ ಪುಲಿಕೇಶಿಯ ಪಾಠಕ್ಕೆ ಬಂದರೆ ಹ್ಯೂಯೆನ್ ತ್ಸಾಂಗ್ ಸಿಗುತ್ತಾನಲ್ಲ, ಅವನೇ. ಏಳನೇ ಶತಮಾನದಲ್ಲಿ ಚಾಲುಕ್ಯರ ನಾಡಿಗೆ ಬಂದು, ಪುಲಿಕೇಶಿಯ ಸೈನ್ಯವನ್ನೂ ಆನೆಗಳನ್ನೂ ಹೊಗಳಿ ಬರೆದುಕೊಂಡು ಹೋದವನು. ಅವನ ಯಾತ್ರೆ ಅಲ್ಲಿ ಪುರಾಣವಾಯಿತು, ಪುರಾಣ ಕಂಪ್ಯೂಟರ್ ಗೇಮ್ ಆಯಿತು.

ಮೊದಲ ಆಟ 2001ರ ಕೊನೆಗೆ ಬಂತು, ಬಗ್ ತುಂಬಿಕೊಂಡು ನೆಲಕಚ್ಚಿತು. ಅದನ್ನು ಎಸೆದು 2002ರಲ್ಲಿ ಎರಡನೆಯದನ್ನು ತಂದರು, ಓಡಿತು. 2003ರ ಕೊನೆಗೆ ‘ಫ್ಯಾಂಟಸಿ ವೆಸ್ಟ್‌ವರ್ಡ್ ಜರ್ನಿ’ ಬಂತು. ಓಡಿತು ಅನ್ನುವುದು ಇದಕ್ಕೆ ಚಿಕ್ಕ ಮಾತು. ಒಂದೇ ಹೊತ್ತಿನಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಆಡುವ ಮಟ್ಟಕ್ಕೆ ಹೋಯಿತು. ಇಷ್ಟೆಲ್ಲ ಆಗುವ ಮೊದಲೇ, 2003ರ ಅಕ್ಟೋಬರಿನಲ್ಲಿ, 32 ವರ್ಷದ ಡಿಂಗ್ ಲೆಯ್ ಚೀನಾದ ಅತಿ ಶ್ರೀಮಂತರ ಪಟ್ಟಿಯ ತುದಿಯಲ್ಲಿದ್ದ. ಎರಡು ವರ್ಷದ ಹಿಂದೆ ಕಂಪನಿ ಮಾರಲು ಗಿರಾಕಿ ಹುಡುಕುತ್ತಿದ್ದವನು.

ಈ ಆಟ ಹೇಗೆ ದುಡಿಯುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪನಿಯ ಗುಟ್ಟು ಇರುವುದು ಅಲ್ಲೇ.

ನೋಡಲು ಆಟ ತೀರಾ ಸಾಧಾರಣ. ಬೊಂಬೆಯಂಥ ಪುಟ್ಟ ಪಾತ್ರಗಳು. ಕಾದಾಟ ಕೂಡ ಸರದಿಯಲ್ಲಿ. ನೀನು ಒಂದು ಏಟು ಹಾಕು, ಆಮೇಲೆ ನಾನು. ಚೌಕಾಬಾರದ ಹಾಗೆ ಸರದಿಗೆ ಕಾಯಬೇಕು. ಕಾಯುವಾಗ ಪಕ್ಕದವರ ಜೊತೆ ಹರಟೆ ಹೊಡೆಯಬಹುದು. ಹಳೇ ಕಂಪ್ಯೂಟರ್ ಸಾಕು, ನಿಧಾನದ ಇಂಟರ್ನೆಟ್ಟೂ ಸಾಕು. ಸಣ್ಣ ಊರಿನ ಸೈಬರ್ ಸೆಂಟರಿನಲ್ಲಿ ಕೂತವನಿಗೆ ಹೇಳಿ ಮಾಡಿಸಿದ್ದು. ಕಾರ್ಡ್ ಕೊಂಡು ರೀಚಾರ್ಜ್ ಮಾಡಿದರೆ ಗಂಟೆ ಲೆಕ್ಕದಲ್ಲಿ ಹಣ ಕಡಿತವಾಗುತ್ತದೆ. ಗಂಟೆಗೆ ಅರ್ಧ ಯುವಾನಿಗಿಂತಲೂ ಕಡಿಮೆ ಇತ್ತು ಆಗ. ಚಿಲ್ಲರೆ ಕಾಸು.

ಆದರೆ ಯುದ್ಧಕ್ಕೆ ಹೋಗಲು ತಂಡದಲ್ಲಿ ಐದು ಜನ ಬೇಕು. ನಾಲ್ಕು ಜನ ಗೆಳೆಯರು ಯಾವಾಗಲೂ ಸಿಗುವುದಿಲ್ಲ. ಆಗ ಆಟಗಾರ ಏನು ಮಾಡುತ್ತಾನೆ? ತಾನೇ ಐದು ಅಕೌಂಟ್ ತೆರೆಯುತ್ತಾನೆ. ಒಂದೇ ಪರದೆಯಲ್ಲಿ ಐದು ಕಿಟಕಿ, ಐದು ಪಾತ್ರ. ಚೀನಾದಲ್ಲಿ ಇದಕ್ಕೆ ‘ಐದು ತೆರೆಯುವುದು’ ಅಂತಲೇ ಹೆಸರಿದೆ. ಮೀಟರ್ ಈಗ ಐದು ಕಡೆ ಓಡುತ್ತಿದೆ.

ಇಷ್ಟೇ ಆದರೆ ಇಪ್ಪತ್ತು ವರ್ಷ ಯಾರೂ ಇರುತ್ತಿರಲಿಲ್ಲ. ಆಟದೊಳಗೆ ಗೆದ್ದ ಕತ್ತಿ, ಸಾಕಿದ ಪ್ರಾಣಿ, ಬೆಳೆಸಿದ ಪಾತ್ರ ಎಲ್ಲಕ್ಕೂ ಬೆಲೆ ಇದೆ. ನಿಜವಾದ ಯುವಾನ್‌ಗಳಲ್ಲಿ. ಅದನ್ನು ಕೊಂಡು ಮಾರಲು ಕಂಪನಿಯೇ ಒಂದು ಸಂತೆ ತೆರೆದಿದೆ, ‘ನಿಧಿಯ ಮಂಟಪ’ ಅನ್ನುವ ಅರ್ಥದ ಹೆಸರು. ಅಲ್ಲಿ ಸೈಟು ಮನೆ ಮಾರಿದ ಹಾಗೆ ಪಾತ್ರಗಳನ್ನು ಮಾರುತ್ತಾರೆ. ಪ್ರತಿ ವ್ಯಾಪಾರದಲ್ಲೂ ಕಂಪನಿಗೆ ಕಮಿಷನ್. ಇದರ ಪರಿಣಾಮ ಏನು ಗೊತ್ತಾ? ಆಡುವವನಿಗೆ ತಾನು ದುಡ್ಡು ಹಾಳು ಮಾಡುತ್ತಿದ್ದೇನೆ ಅನ್ನಿಸುವುದಿಲ್ಲ. ಕೂಡಿಡುತ್ತಿದ್ದೇನೆ ಅನ್ನಿಸುತ್ತದೆ. ಬೇಡ ಅನ್ನಿಸಿದ ದಿನ ಮಾರಿದರಾಯಿತು ಅನ್ನುವ ಧೈರ್ಯವೂ ಇರುತ್ತದೆ. ಆ ಧೈರ್ಯ ಇರುವವರೆಗೆ ಮಾರುವ ದಿನ ಬರುವುದೇ ಇಲ್ಲ. ಇದನ್ನೇ ದುಡಿಮೆ ಮಾಡಿಕೊಂಡು, ಆಟದಲ್ಲಿ ಸಾಮಾನು ಸಂಪಾದಿಸಿ ಮಾರಿ ಬದುಕುವವರೂ ಇದ್ದಾರೆ. ಬೆಲೆ ಬಿದ್ದರೆ ಎಲ್ಲರೂ ಓಡಿಹೋಗುತ್ತಾರೆ, ಏರಿದರೆ ಹೊಸಬರು ಒಳಗೆ ಬರುವುದಿಲ್ಲ. ಹಾಗಾಗಿ ಕಂಪನಿಯವರು ಆಟದೊಳಗಿನ ಹಣದುಬ್ಬರವನ್ನು ರಿಸರ್ವ್ ಬ್ಯಾಂಕಿನ ಹಾಗೆ ಕಾಯುತ್ತಾ ಕೂರಬೇಕು. ನೆಟ್‌ಈಸ್‌ಗೆ ಗೇಮ್ ಕಂಪನಿ ಅನ್ನುವುದಕ್ಕಿಂತ ಸಣ್ಣದೊಂದು ಸೆಂಟ್ರಲ್ ಬ್ಯಾಂಕ್ ಅಂದರೂ ನಡೆಯುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ಟೆನ್ಸೆಂಟ್ ಜೊತೆ ಹೋಲಿಸದೆ ಈ ಮಾತು ಪೂರ್ತಿಯಾಗದು. ಚೀನಾದ ಅತಿ ದೊಡ್ಡ ಗೇಮ್ ಕಂಪನಿ ಟೆನ್ಸೆಂಟ್. ಅದರ ಕೈಯಲ್ಲಿ ವೀಚಾಟ್ ಇದೆ, ದೇಶದ ಹೆಚ್ಚುಕಡಿಮೆ ಎಲ್ಲರೂ ದಿನಾ ತೆರೆಯುವ ಆ್ಯಪ್. ಅಂದರೆ ಜಾತ್ರೆಯೇ ಅವರ ಅಂಗಳದಲ್ಲಿ ನಡೆಯುತ್ತದೆ. ಹೊಸ ಆಟ ಬಂದರೆ ಜಾತ್ರೆಗೆ ಬಂದವರಿಗೆ ತೋರಿಸಿದರೆ ಸಾಕು. ನೆಟ್‌ಈಸ್‌ಗೆ ಅಂಥ ಅಂಗಳ ಇಲ್ಲ. ಇಮೇಲ್ ಇತ್ತು, ಆದರೆ ಚೀನಾದ ಜನ ಫೋನಿನ ಚಾಟ್‌ಗೆ ಜಿಗಿದಾಗ ಇಮೇಲ್ ಹಿಂದೆ ಉಳಿಯಿತು. ಶಾಪಿಂಗ್ ಮಾಡಲು ಹೋಗಿ ಕಾವೊಲಾ ಅನ್ನುವ ತಾಣ ಕಟ್ಟಿತು, 2019ರಲ್ಲಿ ಸುಮಾರು 200 ಕೋಟಿ ಡಾಲರಿಗೆ ಅಲಿಬಾಬಾಗೆ ಮಾರಿ ಕೈತೊಳೆದುಕೊಂಡಿತು. ಜಾತ್ರೆ ಇಲ್ಲದವನಿಗೆ ಉಳಿಯುವ ದಾರಿ, ದಿನಾ ಬರುವ ಗಿರಾಕಿಗಳನ್ನು ಬಿಡದೆ ಇಟ್ಟುಕೊಳ್ಳುವ ಹಳೇ ಹೋಟೆಲಿನ ದಾರಿ. ಬೆಳಗ್ಗೆ ಅದೇ ಟೇಬಲ್, ಅದೇ ಕಾಫಿ. ಹೊಸಬರು ಬಂದರೆ ಸಂತೋಷ, ಹಳಬರು ತಪ್ಪಿಸಿಕೊಂಡರೆ ಆತಂಕ.

ಮೊಬೈಲ್ ಕಾಲದಲ್ಲೂ ಇದೇ ಚಾಳಿ. 2016ರ ‘ಒನ್‌ಮ್ಯೋಜಿ’ ಜಪಾನಿನ ದೆವ್ವಗಳ ಕಥೆ ಇಟ್ಟುಕೊಂಡದ್ದು. ಅದರಲ್ಲಿ ಅಪರೂಪದ ಪಾತ್ರ ಬೇಕಾದರೆ ಚೀಟಿ ಎತ್ತಿದ ಹಾಗೆ ಅದೃಷ್ಟ ಪರೀಕ್ಷೆ ಮಾಡಬೇಕು, ದುಡ್ಡು ಕೊಟ್ಟು. 2017ರಿಂದ ಚೀನಾ ಸರ್ಕಾರ ಇಂಥ ಆಟಗಳು ಗೆಲುವಿನ ಸಾಧ್ಯತೆ ಶೇಕಡಾ ಎಷ್ಟು ಅಂತ ಪ್ರಕಟಿಸಲೇಬೇಕು ಅಂದಿತು. 2022ರ ‘ಎಗ್ಗಿ ಪಾರ್ಟಿ’ ಮೊಟ್ಟೆಯಾಕಾರದ ಗೊಂಬೆಗಳ ಆಟ, ಮಕ್ಕಳು ಮುಗಿಬಿದ್ದರು. ಜೊತೆಗೆ ಅಪ್ಪ ಅಮ್ಮನ ಫೋನಿನಿಂದ ಹಣ ಸುರಿದ ದೂರುಗಳೂ ಬಂದವು.

ನಡುವೆ ಒಂದು ಹಂದಿ ಪ್ರಸಂಗ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. 2009ರಲ್ಲಿ ಡಿಂಗ್ ಲೆಯ್ ಹಂದಿ ಸಾಕುತ್ತೇನೆ ಅಂತ ಘೋಷಿಸಿದ. ಎಲ್ಲರೂ ನಕ್ಕರು. ಝೆಜಿಯಾಂಗ್‌ನ ಆಂಜಿ ಎಂಬಲ್ಲಿ ನಿಜಕ್ಕೂ ಫಾರಂ ಎದ್ದಿತು. ಕಪ್ಪು ಹಂದಿಗಳಿಗೆ ಸಂಗೀತ ಕೇಳಿಸಿ, ನಿಗದಿತ ಜಾಗದಲ್ಲೇ ಶೌಚ ಮಾಡಲು ಕಲಿಸಿ ಸಾಕಿದರು. ಮಾಂಸ ಪೇಟೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ದುಬಾರಿ ಬೆಲೆಗೆ. ಇದನ್ನು ಶ್ರೀಮಂತನ ತೆವಲು ಅಂತ ತಳ್ಳಿಹಾಕಬಹುದು. ಆದರೆ ಅವಸರ ಇಲ್ಲದೆ ಸಾಕುವುದು, ತಡವಾಗಿ ಮಾರುವುದು, ಮಾರುವಾಗ ಜಾಸ್ತಿ ಬೆಲೆ ಹಾಕುವುದು, ಇವೆಲ್ಲ ಆತನ ಆಟಗಳಲ್ಲೂ ಇವೆ.

ಈಗ ಸರ್ಕಾರಕ್ಕೆ ಬರೋಣ. ಚೀನಾದಲ್ಲಿ ಪ್ರತಿ ಆಟಕ್ಕೂ ಪ್ರಕಟಣೆಯ ಪರವಾನಗಿ ನಂಬರ್ ಬೇಕು. ಅದಿಲ್ಲದೆ ಒಂದು ಪೈಸೆ ವಸೂಲಿ ಮಾಡುವಂತಿಲ್ಲ. 2018ರಲ್ಲಿ ಹಲವು ತಿಂಗಳು, ಮತ್ತೆ 2021ರ ಜುಲೈಯಿಂದ 2022ರ ಏಪ್ರಿಲ್ ತನಕ ಆ ನಂಬರ್ ಕೊಡುವುದನ್ನೇ ನಿಲ್ಲಿಸಿದ್ದರು. 2021ರ ಸೆಪ್ಟೆಂಬರಿನಿಂದ 18ರ ಒಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆಡಬಹುದು ಅನ್ನುವ ನಿಯಮ ಬಂತು. ಇದರಿಂದ ಕಂಪನಿಗೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಹಣ ಕೊಡುವ ಹಳೇ ಗಿರಾಕಿಗಳಿಗೆ ಆಗಲೇ ಮೂವತ್ತು, ನಲವತ್ತು ವಯಸ್ಸು.

ನಿಜವಾದ ಭಯ ಹುಟ್ಟಿಸಿದ್ದು 2023ರ ಡಿಸೆಂಬರ್ 22. ಆ ದಿನ ಹೊರಬಂದ ಕರಡು ನಿಯಮಗಳು ಮಕ್ಕಳ ವಿಷಯ ಬಿಟ್ಟು ದೊಡ್ಡವರ ಜೇಬಿಗೆ ಕೈಹಾಕಿದವು. ದಿನಾ ಲಾಗಿನ್ ಆದವರಿಗೆ ಬಹುಮಾನ ಕೊಡಬಾರದು. ಮೊದಲ ರೀಚಾರ್ಜಿಗೆ ಉಡುಗೊರೆ ಕೊಡಬಾರದು. ಖರ್ಚಿಗೆ ಮಿತಿ ಇರಬೇಕು. ಆಟದ ಸಾಮಾನನ್ನು ಹರಾಜಿನಲ್ಲಿ ವಿಪರೀತ ಬೆಲೆಗೆ ಮಾರುವಂತಿಲ್ಲ. ನಿಧಿಯ ಮಂಟಪ ನೆನಪಿದೆಯಲ್ಲ? ಹಾಂಗ್‌ಕಾಂಗ್ ಪೇಟೆಯಲ್ಲಿ ಆ ಒಂದೇ ದಿನ ನೆಟ್‌ಈಸ್ ಷೇರು ಸುಮಾರು ಕಾಲು ಭಾಗ ಕುಸಿಯಿತು. ಟೆನ್ಸೆಂಟ್ ಕುಸಿದದ್ದು ಅದರ ಅರ್ಧದಷ್ಟು. ಈ ಎರಡು ಕುಸಿತಗಳ ನಡುವಿನ ಅಂತರವೇ ನೆಟ್‌ಈಸ್‌ನ ದೌರ್ಬಲ್ಯದ ಅಳತೆ. ಹಳೇ ಹೋಟೆಲಿಗೆ ಗಿರಾಕಿ ದಿನಾ ಬರುವಂತೆ ಮಾಡುವುದೇ ತಪ್ಪು ಅಂದರೆ ಹೋಟೆಲ್ ನಡೆಯುವುದು ಹೇಗೆ? ಪೇಟೆಯ ಗಾಬರಿ ನೋಡಿ ಸರ್ಕಾರ ಮೆತ್ತಗಾಯಿತು. ಮುಂದಿನ ತಿಂಗಳು ಆ ಕರಡು ಇಲಾಖೆಯ ವೆಬ್‌ಸೈಟಿನಿಂದಲೇ ಮಾಯವಾಯಿತು.

ನಮ್ಮ ದೇಶದಲ್ಲಿ ಈ ಕಂಪನಿಯ ಹಲವು ಆಟಗಳಿಗೆ ಬೇರೆ ಕಾರಣಕ್ಕೆ ಬಾಗಿಲು ಮುಚ್ಚಿತು. 2020ರ ಸೆಪ್ಟೆಂಬರ್ 2ರಂದು ಭಾರತ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಸುದ್ದಿಯೆಲ್ಲ ಪಬ್‌ಜಿಯದ್ದೇ ಆಯಿತು. ಆ ಪಟ್ಟಿಯಲ್ಲಿ ನೆಟ್‌ಈಸ್‌ನ ನೈವ್ಸ್ ಔಟ್, ಸೈಬರ್ ಹಂಟರ್, ಲೈಫ್‌ಆಫ್ಟರ್, ಒನ್‌ಮ್ಯೋಜಿ ಕೂಡ ಇದ್ದವು. ಯಾರೂ ಅಷ್ಟಾಗಿ ಅಳಲಿಲ್ಲ. ಇನ್ನು 2025ರ ಆಗಸ್ಟಿನಲ್ಲಿ ನಾವೇ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕಾನೂನು ತಂದು ನಿಲ್ಲಿಸಿದೆವು. ಬೆಂಗಳೂರಿನ ಗೇಮಿಂಗ್ ಕಂಪನಿಗಳಲ್ಲಿ ಕೆಲಸ ಹೋದವರಿಗೆ, ಸರ್ಕಾರದ ಒಂದು ಕಾಗದ ಏನು ಮಾಡಬಲ್ಲದು ಅಂತ ಚೀನಾದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ.

ಮನೆಯಲ್ಲಿ ಹೀಗೆ ಕತ್ತಿ ತೂಗುತ್ತಿದ್ದರೆ ಯಾರಾದರೂ ಹೊರಗೆ ಸೈಟು ಹುಡುಕುತ್ತಾರೆ. ನೆಟ್‌ಈಸ್ ಹುಡುಕಿತು. 2018ರಲ್ಲಿ ಅಮೆರಿಕದ ಬಂಜಿ ಅನ್ನುವ ಗೇಮ್ ಕಂಪನಿಯಲ್ಲಿ 10 ಕೋಟಿ ಡಾಲರ್ ಹಾಕಿತು. 2021ರಲ್ಲಿ ಜಪಾನಿನ ಗ್ರಾಸ್‌ಹಾಪರ್, 2022ರಲ್ಲಿ ಫ್ರಾನ್ಸಿನ ಕ್ವಾಂಟಿಕ್ ಡ್ರೀಮ್ ಗೇಮ್ ಸ್ಟುಡಿಯೋಗಳನ್ನು ಕೊಂಡಿತು. ಹೆಸರಾಂತ ಗೇಮ್ ತಯಾರಕರಿಗೆ ಹೊಸ ಸ್ಟುಡಿಯೋ ಕಟ್ಟಿಕೊಟ್ಟಿತು. ಆಮೇಲೆ ಒಂದೊಂದಾಗಿ ಕೈಬಿಡತೊಡಗಿತು. ಟೋಕಿಯೊದ ಔಕಾ ಸ್ಟುಡಿಯೋ ತನ್ನ ಆಟ ಬಿಡುಗಡೆ ಮಾಡಿದ್ದು 2024ರ ಆಗಸ್ಟಿನ ಕೊನೆಗೆ. ಸ್ಟುಡಿಯೋವನ್ನು ಮುಚ್ಚುವ ಸುದ್ದಿ ಬಂದದ್ದೂ ಅದೇ ದಿನಗಳಲ್ಲಿ. ಹಂದಿಗೆ ಕೊಟ್ಟಷ್ಟು ಕಾಲಾವಕಾಶವನ್ನು ಈ ಸ್ಟುಡಿಯೋಗಳಿಗೆ ಕೊಡಲಿಲ್ಲ ಅಂತ ನನ್ನ ತಕರಾರು.

ಗೆದ್ದದ್ದೂ ಇದೆ. 2024ರ ಡಿಸೆಂಬರ್ 6ರಂದು ಬಂದ ‘ಮಾರ್ವೆಲ್ ರೈವಲ್ಸ್’ ಮೂರೇ ದಿನಗಳಲ್ಲಿ ಒಂದು ಕೋಟಿ ಆಟಗಾರರನ್ನು ಸೆಳೆಯಿತು. ಅಮೆರಿಕ, ಯುರೋಪಿನಲ್ಲಿ ನೆಟ್‌ಈಸ್ ಹೆಸರು ಕೇಳಿರದವರೂ ಆಡಿದರು. ಎರಡು ತಿಂಗಳಾಗಿತ್ತಷ್ಟೇ, ಅದೇ ಆಟಕ್ಕೆ ದುಡಿದ ಸಿಯಾಟಲ್ ತಂಡವನ್ನು ಕೆಲಸದಿಂದ ತೆಗೆದರು. ಗೆದ್ದ ಆಟದ ತಂಡಕ್ಕೇ ಹೀಗಾದರೆ ಸೋತವರ ಗತಿ ಏನು ಅಂತ ಗೇಮಿಂಗ್ ಲೋಕದಲ್ಲಿ ಗುಲ್ಲೆದ್ದಿತು. ಆಟದಲ್ಲಿರುವ ಸ್ಪೈಡರ್‌ಮ್ಯಾನ್, ಐರನ್‌ಮ್ಯಾನ್ ಎಲ್ಲರ ಹೆಸರಿನಲ್ಲೂ ಡಿಸ್ನಿ ಕಂಪನಿಯ ಮಾರ್ವೆಲ್‌ಗೆ ಪಾಲು ಹೋಗುತ್ತದೆ. ಚೀನಾದಲ್ಲಿ ಇವರು ನಡೆಸುವ ಮೈನ್‌ಕ್ರಾಫ್ಟ್ ಮೈಕ್ರೋಸಾಫ್ಟಿನದ್ದು. ಹ್ಯಾರಿ ಪಾಟರ್ ಆಟ ವಾರ್ನರ್‌ನವರದ್ದು. ಬಾಡಿಗೆ ಮನೆಗಳ ಪಟ್ಟಿ ಉದ್ದವಿದೆ. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಓನರ್ ಒಪ್ಪಿಗೆ ಬೇಕು, ಯಾವಾಗ ಖಾಲಿ ಮಾಡಿ ಅಂತಾರೋ ಗೊತ್ತಿಲ್ಲ.

ಕೊಡಲಿ ಕೆಡವಿದ ಜಗಳ ಕೂಡ ಹಾಗೆಯೇ ತಣ್ಣಗಾಯಿತು. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬ್ಲಿಝಾರ್ಡ್‌ನ ಮಾತೃಸಂಸ್ಥೆಯನ್ನು ಕೊಂಡುಕೊಂಡಿತು. ಓನರ್ ಬದಲಾದ. 2024ರ ಏಪ್ರಿಲಿನಲ್ಲಿ ಹೊಸ ಒಪ್ಪಂದ ಆಯಿತು, ಆಗಸ್ಟ್ 1ಕ್ಕೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಚೀನಾಕ್ಕೆ ಮರಳಿತು. ಜನ ಸಾಲುಗಟ್ಟಿ ಲಾಗಿನ್ ಆದರು. ಚಿತಾಭಸ್ಮ ಅಂದುಕೊಂಡಿದ್ದ ಪಾತ್ರಗಳು ಎದ್ದು ಓಡಾಡಿದವು. ಗ್ರೀನ್ ಟೀ ಮಾತು ಯಾರೂ ಎತ್ತಲಿಲ್ಲ.

ಅದರ ಮರುವರ್ಷ, 2025ರಲ್ಲಿ, ಕಂಪನಿಯ ತ್ರೈಮಾಸಿಕ ವರದಿಯಲ್ಲಿ ಇನ್ನೊಂದು ಸಾಲು ಇತ್ತು. 2003ರಲ್ಲಿ ಬಂದ ಆ ಸರದಿ ಆಟ, ಬೊಂಬೆ ಪಾತ್ರಗಳದ್ದು, ಒಂದೇ ಹೊತ್ತಿನಲ್ಲಿ ಆಡುವವರ ಸಂಖ್ಯೆಯಲ್ಲಿ ತನ್ನ ಹಳೇ ದಾಖಲೆ ಮುರಿದಿತ್ತು. ಹ್ಯೂಯೆನ್ ತ್ಸಾಂಗ್ ಇನ್ನೂ ನಡೆಯುತ್ತಲೇ ಇದ್ದಾನೆ. ಪಕ್ಕದಲ್ಲಿ ಅದೇ ವಾನರ. ಅವನ ಹೆಸರಿನಲ್ಲಿ ತಿಂಗಳ ಬಾಡಿಗೆ ಕೇಳಲು ಬರುವವರು ಯಾರೂ ಇಲ್ಲ.